ಬುಟ್ಟಿಮಣ್ಣಿನ ಕೆರೆ

ಕಾಳನಕುಂಟೆಯ ಊರ ಮುಂದಿನ ಕೆರೆಗೆ ಬೇಸಿಗೆಯಲ್ಲಿ ಬಂದವರು ಮೊದಲು ನಗುತ್ತಾರೆ. ಅಂಗಳದ ಹಾಗೆ ಚೊಕ್ಕಟವಾಗಿ ಹೂಳೆತ್ತಿದ ಕೆರೆ. ನಟ್ಟನಡುವೆ ಮಾತ್ರ ಒಂದೇ ಒಂದು ಬುಟ್ಟಿಯಷ್ಟು ಮಣ್ಣು. ‘ಇಷ್ಟೆಲ್ಲ ಎತ್ತಿದವರಿಗೆ ಅದೊಂದು ಭಾರವಾಯಿತೇ?’ ಎಂದು ಕೇಳದವರಿಲ್ಲ. ಕಳೆದ ವರ್ಷ ಬಂದ ಒಬ್ಬ ಇಂಜಿನಿಯರು ಅದನ್ನು ಬೂಟುಗಾಲಿನಿಂದ ಸರಿಸಲು ಹೋಗಿ, ನಮ್ಮ ಹೆಂಗಸರ ಬಾಯಿಗೆ ಸಿಕ್ಕಿ, ಜೀಪು ಎಲ್ಲಿ ನಿಲ್ಲಿಸಿದ್ದೆ ಎಂಬುದನ್ನೂ ಮರೆತ. ನಕ್ಷೆಯಲ್ಲಿ ಇದಕ್ಕೆ ದೊಡ್ಡಕೆರೆ ಎಂದಿದೆಯಂತೆ. ನಕ್ಷೆ ಬರೆದವರು ಇಲ್ಲಿ ಒಂದು ದಿನವೂ ಮಣ್ಣು ಹೊತ್ತವರಲ್ಲ, ಬಿಡಿ. ನಮಗಿದು ಬುಟ್ಟಿಮಣ್ಣಿನ ಕೆರೆ.

ಹಿಂದೆ ಒಮ್ಮೆ, ನಮ್ಮ ಮುತ್ತಜ್ಜನ ಕಾಲಕ್ಕೂ ಮೊದಲು, ಈ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ತೀರಿಕೊಂಡಾಗ, ಅವನ ಹೆಂಡತಿ ಕೆಂಚವ್ವ ಗಂಡನ ಕೋಲು ಹಿಡಿದು ತಾನೇ ಏರಿಯ ಮೇಲೆ ನಿಂತಳಂತೆ. ನೀರಿನ ಮಾತು ಬಂದರೆ ಅವಳಿಗೆ ಗೌಡನೂ ಒಂದೇ, ಕುರಿ ಕಾಯುವವನೂ ಒಂದೇ. ಬಾಣಂತಿಗೆ ಕಷಾಯ, ಜಗಳಕ್ಕೆ ನ್ಯಾಯ, ಸೋಮಾರಿಗೆ ಬೈಗುಳ ಎಲ್ಲವೂ ಅವಳಿಂದಲೇ. ಊರಿನ ಅರ್ಧ ಜನ ಅವಳ ಕೈಯಲ್ಲಿ ಹುಟ್ಟಿದವರು. ಕಿವಿಗೆ ಬಿದ್ದ ಮೊದಲ ಮಾತೇ ‘ಅಳೋ, ಮುಂಡೇದೇ!’ ಅವಳು ಬೈಯದ ದಿನ ಊರಿನವರಿಗೆ ಊಟ ಸೇರುತ್ತಿರಲಿಲ್ಲ ಎನ್ನುತ್ತಾರೆ. ಆಗ ಕೆರೆಯ ತುಂಬ ಹೂಳು. ಪ್ರತಿ ಮನೆಯವರೂ ವರ್ಷಕ್ಕೆ ಐದು ದಿನ ಮಣ್ಣು ಹೊರಬೇಕೆಂದು ಕಟ್ಟು ಮಾಡಿದವಳು ಅವಳೇ. ಯಾರೋ ‘ನಿನ್ನ ಕಾಲಕ್ಕೆ ಮುಗಿಯೋದಲ್ಲ ಬಿಡವ್ವ’ ಎಂದದ್ದಕ್ಕೆ ಸೆರಗು ಸಿಕ್ಕಿಸಿಕೊಂಡು, ‘ಕೊನೇ ಬುಟ್ಟಿ ಹೂಳು ಏರಿ ಹತ್ತೋ ತನಕ ಯಮ ಬಂದ್ರೂ ಬಾಗಿಲಲ್ಲೇ ಕಾಯಿಸ್ತೀನಿ ಕಣೋ’ ಎಂದು ಆಣೆ ಇಟ್ಟಳು.

ಎಡವಟ್ಟಾದದ್ದು ಇಲ್ಲೇ. ಕೆಂಚವ್ವ ಕೆಂಚಜ್ಜಿಯಾದಳು, ತೊಂಬತ್ತು ದಾಟಿದಳು, ಹೂಳೂ ಮುಗಿಯುತ್ತ ಬಂತು. ಊರಿನವರು ಉಳಿದ ಬುಟ್ಟಿಗಳ ಲೆಕ್ಕ ಹಾಕತೊಡಗಿದರು. ಕೆಲಸ ಮುಗಿದರೆ ಅಜ್ಜಿ ಹೊರಟೇಬಿಡುತ್ತಾಳಲ್ಲ! ಕುಂಬಾರರ ದ್ಯಾವಣ್ಣ ಯಾರಿಗೂ ಕಾಣದಂತೆ ತನ್ನ ಪಾಲಿನ ಒಂದು ಬುಟ್ಟಿ ಮಣ್ಣನ್ನು ಕೆರೆಯ ನಡುವೆಯೇ ಸುರಿದು ಬಂದ. ತಾನೊಬ್ಬನೇ ಬುದ್ಧಿವಂತ ಎಂದುಕೊಂಡಿದ್ದ, ಪಾಪ. ಅದೇ ಬುದ್ಧಿ ಅರವತ್ತು ಮನೆಗೂ ಬಂದಿತ್ತು. ಹತ್ತು ವರ್ಷ ಹೀಗೇ ನಡೆದು ನಡುಕೆರೆಯಲ್ಲಿ ದಿಬ್ಬವೇ ಎದ್ದಿತು, ದಿಬ್ಬದ ಮೇಲೆ ಕೊಕ್ಕರೆ ಕೂತಿತು. ಏರಿಯ ಮೇಲಿಂದ ಅಜ್ಜಿ ಮಂಜುಗಣ್ಣು ಕಿರಿದು ಮಾಡಿ ‘ಅದೇನ್ರೋ ಬೆಳ್ಳಗೆ?’ ಎಂದರೆ ‘ಮೋಡದ ನೆರಳು’ ಎನ್ನುತ್ತಿದ್ದರಂತೆ. ಬೆಳ್ಳಗಿನ ನೆರಳು! ನೆಟ್ಟಗೆ ಒಂದು ಸುಳ್ಳು ಹೇಳಲೂ ಬಾರದ ಜನ ನಾವು.

ಅಷ್ಟು ಮಣ್ಣು ಕೂತ ಮೇಲೆ ನೀರಿಗೆ ಜಾಗವೆಲ್ಲಿ? ಅಜ್ಜಿಯ ನೂರಾಮೂರನೆಯ ವರ್ಷ ಕೆರೆ ಬೇಗ ಬತ್ತಿ, ಕೊನೆಯ ಗದ್ದೆಯ ನಿಂಗವ್ವನ ಪೈರು ಒಣಗಿತು. ಅವಳು ಅಜ್ಜಿಯ ಮುಂದೆ ಅತ್ತು ಎಲ್ಲವನ್ನೂ ಹೇಳಿಬಿಟ್ಟಳು. ಅಜ್ಜಿ ಬೈಯಲಿಲ್ಲ, ಊರಿಗೆ ಊರೇ ಹೆದರಿದ್ದು ಅದಕ್ಕೆ. ಕೋಲೂರಿಕೊಂಡು ಕೆರೆಗಿಳಿದು, ‘ನನ್ನ ಆಯಸ್ಸಿಗೆ ಇವಳ ಅನ್ನ ಕಿತ್ಕೊಂಡ್ರೇನ್ರೋ? ಎತ್ರಿ!’ ಎಂದಳು. ಅಳುತ್ತಲೇ ಎತ್ತಿದರು. ಒಂದು ಬುಟ್ಟಿ ಉಳಿದಾಗ ದ್ಯಾವಣ್ಣ ಅದರ ಮೇಲೆ ಕೂತೇಬಿಟ್ಟ. ‘ಇದೊಂದು ಬಿಡಜ್ಜಿ. ಇದ್ರಿಂದ ಯಾರ್ಗೂ ಒಂದು ಗುಟುಕು ನೀರು ಕಮ್ಮಿ ಆಗಲ್ಲ.’ ಅಜ್ಜಿ ಅವನ ಕಿವಿ ಹಿಂಡಿ, ಮಣ್ಣನ್ನು ಅಲ್ಲೇ ಬಿಟ್ಟಳು.

ಇನ್ನೂ ನಾಲ್ಕು ವರ್ಷ ಬೈದುಕೊಂಡೇ ಬದುಕಿದಳು. ಆಮೇಲೊಂದು ಬೇಸಿಗೆಯ ಮುಂಜಾನೆ ಏರಿಯ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಪಕ್ಕದಲ್ಲೇ ತಣ್ಣಗೆ ಮಲಗಿದ್ದಳು. ಕೆರೆಯ ನಡುವೆ ಮಣ್ಣಿರಲಿಲ್ಲ, ಏರಿಯ ಮೇಲಿತ್ತು. ಆ ವಯಸ್ಸಿನಲ್ಲಿ ಹೊತ್ತು ತಂದಳೋ, ಬೊಗಸೆ ಬೊಗಸೆಯಾಗಿ ಸಾಗಿಸಿದಳೋ, ನೋಡಿದವರಿಲ್ಲ. ದ್ಯಾವಣ್ಣ ಅಳುತ್ತ ಅದೇ ಮಣ್ಣನ್ನು ಅದೇ ಬುಟ್ಟಿಗೆ ತುಂಬಿ, ಮತ್ತೆ ಕೆರೆಯ ನಡುವೆ ಸುರಿದ. ‘ಇನ್ನು ಸುರಿದು ಏನು ಬಂತೋ ಹುಚ್ಚಪ್ಪ?’ ಎಂದು ಕೇಳಿದರೆ, ‘ಬೈಯಾಕಾದ್ರೂ ಬರ್ಲಿ’ ಎಂದನಂತೆ.

ನೀವು ಬಂದಾಗ ಕಾಣುವುದು ಆ ಮಣ್ಣೇ. ಇಂದಿಗೂ ಹೂಳೆತ್ತುವ ಕೊನೆಯ ದಿನ ಒಂದು ಬುಟ್ಟಿ ಉಳಿಸಿ, ಊರಿನವರೆಲ್ಲ ಏರಿಯ ಮೇಲೆ ನಿಲ್ಲುತ್ತೇವೆ, ಅಜ್ಜಿಯ ಬೈಗುಳಕ್ಕೆ ಕಿವಿಗೊಟ್ಟು.