ಕೊಟ್ರನ ಜಯಕಾರ

ಹೊಳೆದಂಡೆಯ ಮಠದಲ್ಲಿ ಊಟಕ್ಕೆ ಮುಂಚೆ ಜಯಕಾರ ಆಗಲೇಬೇಕು. ಸರದಿ ಬಂದ ಶಿಷ್ಯ ಎದ್ದು ನಿಂತು "ನಮಃ ಪಾರ್ವತೀಪತಯೇ" ಅನ್ನಬೇಕು. ಮಿಕ್ಕವರು "ಹರಹರ ಮಹಾದೇವ" ಅನ್ನಬೇಕು. ಅಲ್ಲಿಯವರೆಗೆ ರೊಟ್ಟಿ ಮುಟ್ಟುವ ಹಾಗಿಲ್ಲ.

ಹಿರಿಯ ಶಿಷ್ಯ ಗುರುಪಾದನಿಗೆ ಹಸಿವು ಜಾಸ್ತಿ. ಕಿರಿಯ ಶಿಷ್ಯ ಕೊಟ್ರನಿಗೆ ಉಗ್ಗು ಜಾಸ್ತಿ. ಇನ್ನೇನು ಬೇಕು ಹೇಳಿ!

ಕೊಟ್ರ "ನಮಃ ಪ... ಪ... ಪ..." ಅನ್ನುತ್ತಿದ್ದಂತೆ ಗುರುಪಾದ "ಪಾರ್ವತೀಪತಯೇ!" ಎಂದು ತಾನೇ ಮುಗಿಸಿ ರೊಟ್ಟಿ ಮುರಿದುಬಿಡುತ್ತಿದ್ದ. ಪಾಪ, ಅದನ್ನು ಅವನು ಉಪಕಾರ ಅಂತಲೇ ತಿಳಿದಿದ್ದ.

ಬರಬರುತ್ತ ಕೊಟ್ರ ತನ್ನ ಸರದಿಯ ದಿನ ಊಟಕ್ಕೇ ಬರದಾದ. ಆಮೇಲೆ ಮಾತನ್ನೇ ಬಿಟ್ಟ. ಏನು ಕೇಳಿದರೂ ತಲೆ ಆಡಿಸುವುದೊಂದೇ. ಅಷ್ಟು ಚಿಕ್ಕ ಹುಡುಗ ಹಾಗೆ ಮೂಕನಾಗುವುದನ್ನು ಕಂಡರೆ ಯಾರ ಕರುಳಾದರೂ ಚುರ್ ಅನ್ನಬೇಕು.

ಗುರುಪಾದ ಗುರುಗಳ ಹತ್ತಿರ ಹೋದ. ಅವರನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

"ಅಜ್ಜಾರ, ಕೊಟ್ರನ ಸರದಿ ನನಗ ಕೊಟ್ಟುಬಿಡ್ರಿ. ಅವನೂ ಪಾರು, ನಮಗೂ ಬಿಸಿ ರೊಟ್ಟಿ."

"ನೋಡೂಣು," ಎಂದರು ಅಜ್ಜಾರು.

ಮರುದಿನ ಅವರು ಗುರುಪಾದನ ಪಕ್ಕದಲ್ಲೇ ಊಟಕ್ಕೆ ಕೂತರು. ಗುರುಪಾದ ರೊಟ್ಟಿಯಲ್ಲಿ ಬದನೆಕಾಯಿ ಪಲ್ಯ ಸುತ್ತಿ ಮೊದಲ ತುತ್ತು ಎತ್ತಿದ. ಬಾಯಿಯ ಹತ್ತಿರ ಬರುವಷ್ಟರಲ್ಲಿ ಅಜ್ಜಾರು ಅವನ ಕೈ ಹಿಡಿದು ತುತ್ತನ್ನು ತಾವೇ ತಿಂದರು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ.

"ಅಯ್ಯಯ್ಯ, ಏನ್ರಿ ಅಜ್ಜಾರ ಇದು!"

"ನಿನ್ನ ಕೈ ಭಾಳ ತಡಾ ಮಾಡಾಕತ್ತಿತ್ತಪಾ. ಉಪಕಾರ ಮಾಡಿದೆ."

"ನನ್ನ ತುತ್ತು ನೀವು ತಿಂದ್ರ ನನ್ನ ಹೊಟ್ಟಿ ತುಂಬತೈತೇನ್ರಿ?"

ಅಜ್ಜಾರು ಬೆರಳು ನೆಕ್ಕಿಕೊಂಡರು. ಸಾಲಿನ ಕೊನೆಯಲ್ಲಿದ್ದ ಕೊಟ್ರ ಕಿಸಕ್ಕನೆ ನಕ್ಕ. ಗುರುಪಾದ ನಾಚಿ ತಲೆ ತಗ್ಗಿಸಿದ.

"ಹಂಗಾರ ನಾ ಏನ್ ಮಾಡ್ಲಿರಿ?"

"ಅವನ್ನ ಹೊಳಿಗೆ ಕರಕೊಂಡು ಹೋಗು. ಆಟ ಆಡ್ರಿ. ಒಂದು ಎಲಿ ನೀರಿಗೆ ಬಿಟ್ಟು ಒಬ್ಬಂವ ಮಾತಾಡಬೇಕು. ಆ ಎಲಿ ಕಣ್ಣಿಂದ ಮರಿ ಆಗೂತನಕ ಇನ್ನೊಬ್ಬಂವ ಬಾಯಿ ಬಿಚ್ಚಬಾರದು."

ಇಬ್ಬರೂ ಹೊಳೆಗೆ ಹೋದರು. ಗುರುಪಾದನ ಎಲೆ ಸರ್ರನೆ ತೇಲಿಹೋಯಿತು. ಕೊಟ್ರನ ಎಲೆ ಮಾತ್ರ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡು ಕೂತೇಬಿಟ್ಟಿತು.

ಸಂಜೆ ಗುರುಪಾದ ಏದುಸಿರು ಬಿಡುತ್ತ ಬಂದ.

"ಅಜ್ಜಾರ, ಆ ಎಲಿ ಹೋಗಲೇ ಇಲ್ರಿ! ಮಧ್ಯಾಹ್ನದಿಂದ ಬಾಯಿ ಮುಚಗೊಂಡು ಕೂತೀನಿ."

"ಕೊಟ್ರ ಏನ್ ಮಾಡಿದ?"

"ಮೊದಲು ಸುಮ್ಮನಿದ್ದ. ಆಮ್ಯಾಲ ಶುರು ಮಾಡಿದ ನೋಡ್ರಿ! ಅವರ ಊರು, ಅವರವ್ವ, ಅವರ ಮನಿ ಕುಂಟ ಆಡು. ನನ್ನ ಗೊರಕಿ ಬ್ಯಾರೆ ಅಣಗಿಸಿ ತೋರಿಸಿದ."

"ಉಗ್ಗಿದನೇನು?"

"ಉಗ್ಗಿದ್ನರಿ." ಗುರುಪಾದ ತಲೆ ಕೆರೆದುಕೊಂಡ. "ಆದ್ರ ಕೇಳಾಕ ಛಲೋ ಇತ್ರಿ. ಆಡಿನ ಕತಿ ಅರ್ಧಕ್ಕ ನಿಂತೈತಿ. ನಾಳೆನೂ ಹೋಗ್ತೀವ್ರಿ."

ಹೋದರು. ದಿನಾ ಹೋದರು.

ಹಬ್ಬದ ದಿನ ಗೋಧಿ ಹುಗ್ಗಿ ಮಾಡಿದ್ದರು. ಊರಗೌಡರೂ ಪಂಕ್ತಿಯಲ್ಲಿ ಕೂತಿದ್ದರು. ಸರದಿ ಕೊಟ್ರನದು. ಹುಡುಗ ಬರುತ್ತಾನೋ ಇಲ್ಲವೋ ಎಂದು ಗುರುಪಾದ ಬಾಗಿಲ ಕಡೆಗೇ ನೋಡುತ್ತಿದ್ದ.

ಕೊಟ್ರ ಬಂದ. ಎದ್ದು ನಿಂತ.

"ನಮಃ ಪ... ಪ..."

ಮಾತು ಸಿಕ್ಕಿಕೊಂಡಿತು. ಹುಗ್ಗಿಯ ಮೇಲಿನ ತುಪ್ಪ ಹೆಪ್ಪುಗಟ್ಟತೊಡಗಿತು. ಗೌಡರು ಕೆಮ್ಮಿದರು. ಕೊಟ್ರ ಗಾಬರಿಯಿಂದ ಗುರುಪಾದನ ಕಡೆ ನೋಡಿದ.

ಗುರುಪಾದ ಎಡಗೈಯಿಂದ ತನ್ನ ಬಾಯಿ ಮುಚ್ಚಿಕೊಂಡು, ಸಾವಕಾಶ ಅನ್ನುವಂತೆ ತಲೆ ಆಡಿಸಿದ. ಅವನ ಕಣ್ಣು ಹುಗ್ಗಿಯ ಮೇಲೆ ಇರಲೇ ಇಲ್ಲ. ಆ ಮಠದಲ್ಲಿ ನಡೆದ ಪವಾಡ ಅದೊಂದೇ ಇರಬೇಕು.

"ಪ... ಪಾರ್ವತೀ... ಪ... ಪತಯೇ!"

"ಹರಹರ ಮಹಾದೇವ!"

ಗುರುಪಾದ ಕೂಗಿದ ರಭಸಕ್ಕೆ ಜಂತಿಯ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು. ಕೊಟ್ರ ಕೂತು ಗಬಗಬ ತಿಂದ. ಎರಡನೇ ಸಲ ಬಾಯಿಬಿಟ್ಟು ಕೇಳಿ ಹುಗ್ಗಿ ಹಾಕಿಸಿಕೊಂಡ.

ಗೌಡರು ಅಜ್ಜಾರ ಕಿವಿಯ ಹತ್ತಿರ ಬಾಗಿದರು.

"ಅಜ್ಜಾರ, ದಿನಾ ಹೊಳಿಗೆ ಕಳಿಸಿ ಅದೇನೋ ಔಷಧ ಮಾಡಿದ್ರಂತ. ಹುಡುಗನ ಉಗ್ಗು ಹಂಗ ಐತೆಲ್ರಿ?"

"ಔಷಧ ಕೊಟ್ಟಿದ್ದು ಗುರುಪಾದಗ್ರಿ ಗೌಡ್ರ," ಎಂದರು ಅಜ್ಜಾರು. "ಈಗೀಗ ಗುಣಾ ಆಗಾಕತ್ತಾನ."