ಆರ್‌ಐಪಿ ಎಂಬ ಮೂರಕ್ಷರ

"ಗುರುಗಳೇ, ಯಾರಾದರೂ ತೀರಿಕೊಂಡರೆ ಆರ್‌ಐಪಿ ಎಂದು ಬರೆಯುತ್ತಾರಲ್ಲ, ಆ ಮೂರಕ್ಷರ ಎಲ್ಲಿಂದ ಬಂದವು?" ಎಂದು ಶಿಷ್ಯ ಕೇಳಿದ.

"ನೀನು ಯಾರಿಗೆ ಬರೆದೆ?" ಎಂದರು ಗುರುಗಳು.

"ಜೊತೆಯಲ್ಲಿ ಓದಿದವನೊಬ್ಬ ಮೊನ್ನೆ ಹೋಗಿಬಿಟ್ಟ. ಅವನ ಮನೆಯವರ ಫೋನಿಗೆ ಕಳಿಸಿ ಸುಮ್ಮನಾದೆ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ, ಒಬ್ಬ ದರ್ಜಿ. ಇಬ್ಬರೂ ಒಂದೇ ಜಗಲಿಯ ಮೇಲೆ ಕೂತು ಬದುಕು ಶುರು ಮಾಡಿದವರು. ಇವನು ಮಾರಿದ ಬಟ್ಟೆಯನ್ನು ಅವನು ಹೊಲಿಯುತ್ತಿದ್ದ. ವ್ಯಾಪಾರ ಕುದುರಿತು, ವ್ಯಾಪಾರಿ ದೊಡ್ಡ ಬೀದಿಗೆ ಹೋದ. ದರ್ಜಿ ಜಗಲಿಯಲ್ಲೇ ಉಳಿದ. ಒಂದು ದಿನ ದರ್ಜಿ ತೀರಿಕೊಂಡ. ಸುದ್ದಿ ಬಂದಾಗ ಅಂಗಡಿಯ ತುಂಬ ಗಿರಾಕಿಗಳಿದ್ದರು. ವ್ಯಾಪಾರಿಗೆ ದುಃಖವಾಗಲಿಲ್ಲ ಎನ್ನುವಂತಿಲ್ಲ. ಗಿರಾಕಿಗಳನ್ನು ಬಿಟ್ಟು ಏಳುವಷ್ಟು ಆಗಲಿಲ್ಲ, ಅಷ್ಟೆ. ಎಲ್ಲರೂ ಹಾಕುವ ಮೂರಕ್ಷರವನ್ನು ತಾನೂ ದರ್ಜಿಯ ಫೋನಿಗೆ ಹಾಕಿ ಕಳಿಸಿ, ಮತ್ತೆ ಬಟ್ಟೆ ಅಳೆಯತೊಡಗಿದ.

ಕೆಲವು ದಿನಗಳ ಮೇಲೆ, ಹೊಲಿಯಲು ಕೊಟ್ಟಿದ್ದ ಬಟ್ಟೆ ವಾಪಸು ತರಲು ಆ ಮನೆಗೆ ಹೋದ. ದರ್ಜಿಯ ತಾಯಿ ಬಟ್ಟೆಯ ಗಂಟು ಕೊಟ್ಟಳು. ಮಗನ ಫೋನನ್ನೂ ಮುಂದೆ ಹಿಡಿದಳು.

"ಇದರಲ್ಲಿ ಏನೋ ಬರೆದಿದ್ದೀಯಂತೆ, ಇಂಗ್ಲಿಷಂತೆ. ನೀನೇ ಬಂದಾಗ ಕೇಳೋಣ ಅಂತ ಯಾರ ಹತ್ರಾನೂ ಅರ್ಥ ಕೇಳಲಿಲ್ಲ. ನನ್ನ ಮಗನ ಬಗ್ಗೆ ಏನು ಬರೆದೆಯಪ್ಪ?"

ವ್ಯಾಪಾರಿಗೂ ಅದರ ಅರ್ಥ ಗೊತ್ತಿರಲಿಲ್ಲ. "ಅದು... ಯಾರು ಹೋದರೂ ಹಾಕ್ತಾರಮ್ಮ" ಎಂದ.

"ಯಾರು ಹೋದರೂ ಇದನ್ನೇನಾ? ಅವನಿಗೆ ಅಂತಲೇ ಬರೆದಿದ್ದೀಯ ಅಂದ್ಕೊಂಡಿದ್ದೆ" ಎಂದು ಮುದುಕಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು.

ವ್ಯಾಪಾರಿ ನಾಚಿಕೆಯಿಂದ ಕುಗ್ಗಿಹೋದ. ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಚರ್ಚಿನ ಪಾದ್ರಿಯ ಬಳಿಗೆ ಹೋಗಿ ಅರ್ಥ ಕೇಳಿದ.

"ರೆಕ್ವಿಯೆಸ್ಕಾತ್ ಇನ್ ಪಾಚೆ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು" ಎಂದರು ಪಾದ್ರಿ. "ಇವನು ನೆಮ್ಮದಿಯಾಗಿ ಮಲಗಲಿ ಎಂಬ ಪ್ರಾರ್ಥನೆ. ಸಮಾಧಿಯ ಹತ್ತಿರ ನಿಂತು ಬಾಯಿತುಂಬ ಹೇಳುವಂಥದ್ದು. ಕಲ್ಲಿನಲ್ಲಿ ಜಾಗ ಕಡಿಮೆ, ಅದಕ್ಕೇ ಮೂರಕ್ಷರ ಕೆತ್ತಿದರು."

ಅರ್ಥ ತಿಳಿದ ಮೇಲೂ ಆ ತಾಯಿಯ ಮುಂದೆ ಹೋಗಿ ನಿಲ್ಲುವ ಮುಖ ವ್ಯಾಪಾರಿಗೆ ಉಳಿದಿರಲಿಲ್ಲ.

ಕತೆ ಮುಗಿಯಿತು. ಶಿಷ್ಯನಿಗೆ ಸ್ವಲ್ಪ ಸಮಾಧಾನವಾಯಿತು. "ಹಾಗಾದರೆ ನಾನು ಬರೆದದ್ದು ಒಳ್ಳೆಯ ಮಾತೇ" ಎಂದ.

"ಒಳ್ಳೆಯ ಮಾತೇ. ಕಲ್ಲಿನಲ್ಲಿ ಜಾಗವಿರಲಿಲ್ಲ, ನಿನ್ನಲ್ಲಿ ಏನಿರಲಿಲ್ಲ?" ಎಂದರು ಗುರುಗಳು.