ಭೈರನಿಗೆ ಸಾವಿಲ್ಲ

ಕುರಿಮಂದೆಯ ಕಾವಲುನಾಯಿ ಭೈರ ತೋಳದೊಂದಿಗೆ ಕಾದಾಡಿ ಸತ್ತಿತು. ಮುದಿ ಕುರಿಯೊಂದು ಅದರ ಕೊರಳಿನ ಕಬ್ಬಿಣದ ಮುಳ್ಳುಪಟ್ಟಿಯನ್ನು ಕಚ್ಚಿ ಎಳೆದು ತಂದು ಎಳೆಯ ನಾಯಿಯೊಂದರ ಮುಂದೆ ಹಾಕಿತು.

“ತೊಟ್ಟುಕೋ. ಇನ್ನು ನೀನೇ ಭೈರ.”

“ನಾನು ಚುಕ್ಕ, ಅಜ್ಜಿ.”

“ಆ ಹೆಸರು ಬಿಡು. ಭೈರನಿಗೆ ಸಾವೇ ಇಲ್ಲವೆಂದು ತೋಳಗಳು ನಂಬಿವೆ. ನಮ್ಮನ್ನು ಕಾಯುತ್ತಿರುವುದು ಆ ನಂಬಿಕೆಯೇ.”

ಚುಕ್ಕ ಪಟ್ಟಿಯೊಳಗೆ ತಲೆ ತೂರಿಸಿತು. ಪಟ್ಟಿ ಸಡಿಲವಾಗಿ ಭುಜದ ಮೇಲೆ ಜೋತುಬಿತ್ತು.

“ಇದು ನನ್ನ ಅಳತೆಯದಲ್ಲ,” ಎಂದಿತು ಚುಕ್ಕ.

“ನಿನಗಿಂತ ಮುಂಚಿನವನೂ ಇದನ್ನೇ ಹೇಳಿದ್ದ,” ಎಂದಿತು ಪಟ್ಟಿ.

“ಅವನ ನಿಜವಾದ ಹೆಸರೇನು?”

“ನನಗೆ ಯಾರೂ ಹೇಳಲಿಲ್ಲ. ಕೊನೆಕೊನೆಗೆ ಅವನಿಗೂ ನೆನಪಿರಲಿಲ್ಲ.”

ತೋಳ ಮತ್ತೆ ಬಂತು. ಪಟ್ಟಿಯ ಮುಳ್ಳುಗಳು ಚುಕ್ಕನ ಭುಜದ ಮೇಲಿದ್ದವು, ಗಂಟಲಿಗೆ ರಕ್ಷಣೆಯಿರಲಿಲ್ಲ. ತೋಳ ಅಲ್ಲಿಗೇ ಬಾಯಿ ಹಾಕಿತು. ಆದರೂ ಚುಕ್ಕ ಅದರ ಮುಂಗಾಲನ್ನು ಕಚ್ಚಿ ಹಿಡಿದು, ಅದು ಕುಂಟುತ್ತ ಓಡುವವರೆಗೂ ಬಿಡಲಿಲ್ಲ. ಒಂದು ಕುರಿಮರಿಯೂ ಸಾಯಲಿಲ್ಲ. ಮಂದೆಯೆಲ್ಲ “ಭೈರ! ಭೈರ!” ಎಂದು ಕೂಗಿತು.

“ಅಜ್ಜಿ,” ಎಂದಿತು ಚುಕ್ಕ, ಮಣ್ಣಿನಲ್ಲಿ ಬಿದ್ದುಕೊಂಡು. “ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರೆ.”

ಮುದಿ ಕುರಿ ಬಾಯಿ ತೆರೆಯಿತು. ಎಷ್ಟು ತಡಕಾಡಿದರೂ ಆ ಹೆಸರು ನಾಲಿಗೆಗೆ ಬರಲಿಲ್ಲ. “ಭೈರ,” ಎಂದಿತು. ನಾಯಿ ಕಣ್ಣು ಮುಚ್ಚಿತು.

ಕುರಿ ಪಟ್ಟಿಯ ರಕ್ತವನ್ನು ಹುಲ್ಲಿಗೆ ಒರೆಸಿ, ಉಳಿದಿದ್ದ ಒಂದೇ ನಾಯಿಮರಿಯ ಬಳಿಗೆ ಒಯ್ದಿತು.

“ನಿನ್ನ ಹೆಸರೇನು, ಮಗು?”

“ನನಗಿನ್ನೂ ಹೆಸರಿಟ್ಟಿಲ್ಲ.”

“ಒಳ್ಳೆಯದೇ ಆಯಿತು,” ಎಂದಿತು ಕುರಿ.